ಆಸ್ಕರ್ ಏಳರ ದನಿ ಇಳಿದ ವರ್ಷ

ಪುಣೆ
೬ ಜನವರಿ ೨೦೨೫

ಮಾನ್ಯ ದೇವಾನಂದ ನಾಯಕರಿಗೆ,

ಮುಕ್ತಾ ನಾಡಗೀರಳ ನಮಸ್ಕಾರಗಳು. ಹೊಸ ವರ್ಷದ ಶುಭಾಶಯ ಹೇಳಿ ಮುಗಿಸಬೇಕೆಂದು ಕೂತೆ, ಆದರೆ ಮನಸ್ಸು ನೆಟ್ಟಗಿಲ್ಲ. ನಮ್ಮ ಆಸ್ಕರ್ ಏಳಕ್ಕೆ ಏನಾಗಿದೆ?

ದೀಪಾವಳಿಯಿಂದ ಅದರ ದನಿ ಇಳಿಯುತ್ತಲೇ ಇದೆ. ಕಳೆದ ನವೆಂಬರಿಗೆ ಅದಕ್ಕೆ ಐವತ್ತು ತುಂಬಿತು, ಒಪ್ಪಿದೆ. ಬ್ಯಾಟರಿ ಕೆಟ್ಟು ಇಪ್ಪತ್ತು ವರ್ಷ ಮೂಕವಾಗಿ ಭೂಮಿ ಸುತ್ತಿ, ಆಮೇಲೆ ಯಾರೂ ಮುಟ್ಟದೆ ತಾನಾಗಿ ಬಾಯಿಬಿಟ್ಟು, ಈಗ ಬಿಸಿಲು ಬಿದ್ದಾಗ ಮಾತ್ರ ಮಾತಾಡುವ ಉಪಗ್ರಹ ಅದು ಎಂದು ನನಗೆ ಕಲಿಸಿದವರೇ ನೀವು. ಆದರೂ ಎರಡು ವರ್ಷದ ಹಿಂದೆ ನಾನು ಮೊದಲ ಸಲ ಅದರ ಮೋರ್ಸ್ ಕೇಳಿದಾಗ ಕುಕ್ಕರಿನ ಸೀಟಿಯ ನಡುವೆಯೂ ಎದ್ದು ಕೇಳುತ್ತಿತ್ತು. ನಾಲ್ಕು ಚುಕ್ಕೆ, ಎರಡು ಚುಕ್ಕೆ, ಮತ್ತೆ ನಾಲ್ಕು, ಎರಡು, ಆಮೇಲೆ ತನ್ನ ಮೈಕಾವು, ಕರೆಂಟಿನ ಅಂಕಿಗಳು. ಈಗ ಮೈಯೆಲ್ಲ ಕಿವಿಯಾಗಿ ಕೂತರೂ ಅರ್ಧದಷ್ಟು ಅಂಕಿಗಳು ತಪ್ಪಿಹೋಗುತ್ತವೆ.

ನನ್ನ ಸಾಮಾನು ಬದಲಾಗಿಲ್ಲ. ಪ್ಲಾಸ್ಟಿಕ್ ಪೈಪಿಗೆ ಬಿಗಿದ ಬಡಗಿಯ ಅಳತೆಟೇಪಿನ ತುಂಡುಗಳೇ ಆಂಟೆನಾ, ಬೆರಳುದ್ದದ ರಿಸೀವರು, ಹಳೇ ಲ್ಯಾಪ್‌ಟಾಪು, ನಾಲ್ಕನೇ ಮಹಡಿಯ ಬಾಲ್ಕನಿ. ತೆರೆಯ ಮೇಲೆ ಸಂಕೇತವು ಗೆರೆಯಾಗಿ ಮೂಡುವ ಜಾಗಕ್ಕೆ ನೀವು ಹೇಳಿದಂತೆ ಈಗಲೂ ಪೇಪರು ಅಂಟಿಸಿಯೇ ಕೂರುತ್ತೇನೆ. ಗೆರೆ ನೋಡುತ್ತ ಕೇಳುವವರು ಕೇಳುಗರೇ ಅಲ್ಲ ಎಂದಿದ್ದಿರಲ್ಲ.

ನಮ್ಮ ಯಜಮಾನರು ದಿಗಂಬರ ಜಗಳದ ಮನುಷ್ಯರಲ್ಲ, ನಿಮಗೆ ಬರೆದಿದ್ದೇನೆ. ಆದರೆ ಈಚೆಗೆ ಸ್ಪೀಕರು ಹಚ್ಚಿದರೆ ಸಾಕು, ಒಳಗಿನಿಂದ ಇವರ ತಕರಾರು ಶುರು. ಸಣ್ಣ ಮಾಡಬೇಕಂತೆ, ಕೆಳಗಿನ ಮನೆಯವರು ಬಂದು ಬಾಗಿಲು ಬಡಿಯುತ್ತಾರಂತೆ. ಉಸಿರು ಬಿಗಿಹಿಡಿದು ಕೇಳಬೇಕಾದ ದನಿಗೆ ಕೆಳಗಿನವರು ಏಕೆ ಬರುತ್ತಾರೆ? ನನ್ನ ಈ ಹುಚ್ಚು ಅವರಿಗೆ ಸಾಕಾಗಿದೆ, ಅಷ್ಟೇ. ಮಾತೂ ಹಾಗೇ ಆಗಿದೆ, ಎಲ್ಲ ಬಾಯೊಳಗೇ ಆಡುತ್ತಾರೆ.

ನಿಮ್ಮಲ್ಲಿ ಆಸ್ಕರ್ ಹೇಗೆ ಕೇಳುತ್ತಿದೆ? ಅದೊಂದನ್ನು ಬರೆಯಿರಿ.

ಮುಕ್ತಾ


ವಿಶಾಖಪಟ್ಟಣ
೨೨ ಜನವರಿ ೨೦೨೫

ಸೌ. ಮುಕ್ತಾ ಅವರಿಗೆ,

ಈ ಕಾಲದಲ್ಲಿ ಪೋಸ್ಟ್‌ಮನ್ನನಿಗೆ ನಮ್ಮ ಅಪಾರ್ಟ್‌ಮೆಂಟಿನ ದಾರಿ ಮರೆಯದಂತೆ ನೋಡಿಕೊಂಡಿರುವವರು ನೀವೊಬ್ಬರೇ. ಅದಕ್ಕಾಗಿ ಮೊದಲ ವಂದನೆ.

ಆಸ್ಕರ್ ಇಲ್ಲೂ ಹಾಗೇ. ನಿನ್ನೆ ಬೆಳಗಿನ ಸುತ್ತಿನಲ್ಲಿ ಬಹಳ ಸಣ್ಣಗೆ ಬಂತು. ನಾನು ಹೇಳಬೇಕೆಂದಿದ್ದೆ, ನೀವೇ ಮೊದಲು ಹಿಡಿದಿರಿ. ನಿಮ್ಮ ಕಿವಿ ಸೂಕ್ಷ್ಮ. ಹಡಗಿನ ರೇಡಿಯೋ ಕೋಣೆಯಲ್ಲಿ ಮೂವತ್ತು ವರ್ಷ ಕೂತವನು ಸುಮ್ಮನೆ ಹೊಗಳುವುದಿಲ್ಲ. ಎರಡು ವರ್ಷದ ಹಿಂದೆ ನಾನು ಉಪಗ್ರಹದ ಮೂಲಕ ಕೊಲಂಬೊದವನ ಹತ್ತಿರ ಹರಟುತ್ತಿದ್ದಾಗ, ಪುಣೆಯಲ್ಲಿ ನಿಮ್ಮ ದನಿ ಕೇಳಿತು ಎಂದು ಕಾರ್ಡು ಬರೆದವರು ಇಡೀ ದೇಶದಲ್ಲಿ ನೀವೊಬ್ಬರೇ ಅಲ್ಲವೇ? ಅದೂ ಕನ್ನಡದಲ್ಲಿ. ಅಂಕೋಲೆ ಬಿಟ್ಟ ಮೇಲೆ ನನಗೆ ಯಾರೂ ಕನ್ನಡದಲ್ಲಿ ಒಂದು ಸಾಲು ಬರೆದಿರಲಿಲ್ಲ.

ಒಮ್ಮೆ ಕೇಬಲ್ಲು ಬದಲಿಸಿ ನೋಡಿ. ಬಾಲ್ಕನಿಯ ಗಾಳಿಗೆ ಒಳಗೆ ತುಕ್ಕು ಹಿಡಿದಿರುತ್ತದೆ. ಇಲ್ಲಿ ನನ್ನ ಮಗಳು ಮಾಧುರಿ ತನ್ನ ಬಾಲ್ಕನಿಯಲ್ಲಿ ತುಳಸಿಗೂ, ಒಣಹಾಕುವ ಬಟ್ಟೆಗೂ, ನನಗೂ ಜಾಗ ಮಾಡಿಕೊಟ್ಟಿದ್ದಾಳೆ, ಆರಾಮಾಗಿದ್ದೇನೆ. ಮನೆಯವರ ಮಾತಿಗೆ ಬೇಸರಿಸಬೇಡಿ. ನನ್ನವಳು ಇದ್ದಾಗ ರೇಡಿಯೋವನ್ನು ಸವತಿ ಎಂದೇ ಕರೆಯುತ್ತಿದ್ದಳು.

ದೇವಾನಂದ ನಾಯಕ


ಪುಣೆ
೧೬ ಫೆಬ್ರುವರಿ ೨೦೨೫

ಮಾನ್ಯ ನಾಯಕರಿಗೆ,

ನಿಮ್ಮಲ್ಲೂ ಹಾಗೇ ಎಂದು ಓದಿ ಅರ್ಧ ಸಮಾಧಾನ, ಅರ್ಧ ಸಂಕಟ. ತಪ್ಪು ನನ್ನ ಸಾಮಾನಿನದಲ್ಲ ಎಂದು ಸಮಾಧಾನ. ಹಾಗಾದರೆ ಅದು ನಿಜಕ್ಕೂ ಹೋಗುತ್ತಿದೆಯಲ್ಲ ಎಂದು ಸಂಕಟ.

ಕೇಬಲ್ಲು ಬದಲಿಸಿದೆ. ಟೇಪು ಹೊಸದಾಗಿ ಕತ್ತರಿಸಿ ಆಂಟೆನಾ ಮತ್ತೊಮ್ಮೆ ಕಟ್ಟಿದೆ. ಹೆಡ್‌ಫೋನಿನ ಬಲಗಡೆ ದನಿ ಬರುವುದಿಲ್ಲವೆಂದು ಅಂಗಡಿಗೆ ವಾಪಸು ಒಯ್ದರೆ, ಅವನು ತಾನೇ ಹಾಕಿಕೊಂಡು ನೋಡಿ "ಚಾಂಗ್ಲಾ ಆಹೆ ಮ್ಯಾಡಮ್", ಚೆನ್ನಾಗೇ ಇದೆ ಎಂದ. ಜಗಳಾಡಿ ಬೇರೆ ತಂದೆ. ಅದರ ಬಲಗಡೆಯೂ ಹಾಗೇ. ಈಗ ಬರುವ ಮಾಲೇ ಕಳಪೆ.

ಒಂದು ಉಪಾಯ ಕಂಡುಕೊಂಡಿದ್ದೇನೆ. ರಿಸೀವರನ್ನು ತುಸು ಆಚೀಚೆ ಸರಿಸಿ ಮೋರ್ಸಿನ ಸ್ವರವನ್ನು ಮಂದ್ರಕ್ಕೆ ಇಳಿಸಿದರೆ ಚೆನ್ನಾಗಿ ಕೇಳುತ್ತದೆ. ಏರಿಸಿದರೆ ಪೂರಾ ಮಾಯ. ಮೊದಲು ಹೀಗಿರಲಿಲ್ಲ. ಉಪಗ್ರಹ ಸೊರಗಿದಾಗ ಹೀಗಾಗುತ್ತದೆಯೇ?

ಕೂತಲ್ಲಿ ಕೂರಲಾಗುತ್ತಿಲ್ಲ. ಯೆರವಡಾದ ದವಾಖಾನೆಯಲ್ಲಿ ಔಷಧಿ ಕೊಡುತ್ತ ಇರುವಾಗಲೂ ಮುಂದಿನ ಸುತ್ತು ಎಷ್ಟು ಹೊತ್ತಿಗೆ ಎಂದೇ ಯೋಚನೆ. ಯಾದಗಿರಿ ಕಡೆಯ ಹೆಣ್ಣುಮಕ್ಕಳು ಕಟ್ಟಡದ ಕೆಲಸದಿಂದ ನೇರ ಬರುತ್ತಾರೆ. ಡಾಕ್ಟರರಿಗೆ ಕನ್ನಡ ಬಾರದು, ನಾನೇ ನಡುವೆ ನಿಂತು ಆ ಹೆಣ್ಣುಮಕ್ಕಳ ನೋವನ್ನು ಮರಾಠಿಯಲ್ಲಿ ಹೇಳಬೇಕು. ಎರಡೆರಡು ಸಲ ಕೇಳುತ್ತಿದ್ದೇನಂತೆ. ಲಕ್ಷ್ಯ ಎಲ್ಲಿದೆ ಎಂದು ಡಾಕ್ಟರು ಗದರಿದರು. ಲಕ್ಷ್ಯ ಆಕಾಶದಲ್ಲಿದೆ ಎಂದು ಹೇಗೆ ಹೇಳಲಿ? ಮೊನ್ನೆ ಸ್ವಾರಗೇಟಿನಲ್ಲಿ ಬಸ್ಸಿನವನ ಕೂಗು ಕೇಳದೆ ಬಸ್ಸು ತಪ್ಪಿಸಿಕೊಂಡೆ. ಹೀಗೆ ಎಂದೂ ಆದವಳಲ್ಲ ನಾನು.

ದಯಮಾಡಿ ನಿಮ್ಮಲ್ಲಿ ಕೇಳುವ ದನಿಯನ್ನು ರೆಕಾರ್ಡು ಮಾಡಿ ಕಳಿಸಿ. ನನ್ನದರ ಪಕ್ಕಕ್ಕಿಟ್ಟು ಹೋಲಿಸಬೇಕು.

ಮುಕ್ತಾ


ವಿಶಾಖಪಟ್ಟಣ
೧೧ ಮಾರ್ಚ್ ೨೦೨೫

ಸೌ. ಮುಕ್ತಾ ಅವರಿಗೆ,

ರೆಕಾರ್ಡು ಮಾಡುವ ಯಂತ್ರ ರಿಪೇರಿಗೆ ಹೋಗಿದೆ. ಇಲ್ಲಿನ ರಿಪೇರಿಯವರು ಇಂದು ನಾಳೆ ಎನ್ನುತ್ತ ಹಬ್ಬ ದಾಟಿಸುವ ಪೈಕಿ, ಹಾಗಾಗಿ ಅದನ್ನು ನೆಚ್ಚಬೇಡಿ. ನನ್ನ ಮಾತೇ ಸಾಲದೇ? ಮೊನ್ನೆ ನನ್ನಲ್ಲಿ ಅಂಕಿಗಳು ಬಿಟ್ಟುಬಿಟ್ಟು ಬಂದವು. ನಿಮ್ಮ ವರದಿಗೂ ನನ್ನದಕ್ಕೂ ಕೂದಲಿನಷ್ಟು ವ್ಯತ್ಯಾಸವಿಲ್ಲ.

ಸ್ವರ ಇಳಿಸಿದರೆ ಚೆನ್ನಾಗಿ ಕೇಳುವುದು ಸಹಜ. ಅದಕ್ಕೂ ವಯಸ್ಸಾಯಿತು, ಕೀರಲು ಮಾಡುವ ಶಕ್ತಿ ಎಲ್ಲಿದೆ ಅದಕ್ಕೆ? ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಂಡರೆ ಹೇಗೆ? ಒಮ್ಮೆ ಊರ ಗದ್ದಲ ಬಿಟ್ಟು ಯಾವುದಾದರೂ ಗುಡ್ಡದ ಮೇಲೆ ಹೋಗಿ ಕೇಳಿ. ಅಲ್ಲೂ ಕೇಳದಿದ್ದರೆ ಕೈಮುಗಿದು ಬಿಟ್ಟುಬಿಡಿ.

ಆದರೆ ಬರೆಯುವುದನ್ನು ಬಿಡಬೇಡಿ. ನಿಮ್ಮ ಪತ್ರ ತಡವಾದರೆ ಇಲ್ಲಿ ದಿನ ಹೋಗುವುದಿಲ್ಲ.

ದೇವಾನಂದ ನಾಯಕ


ವಿಶಾಖಪಟ್ಟಣ
೧೦ ಮೇ ೨೦೨೫

ಸೌ. ಮುಕ್ತಾ ಅವರಿಗೆ,

ಎರಡು ತಿಂಗಳಾಯಿತು, ನಿಮ್ಮ ಪತ್ರವಿಲ್ಲ. ಅಂಚೆಯವರು ಕಳೆದರೋ, ನೀವು ಮರೆತಿರೋ? ಗೇಟಿನ ಹತ್ತಿರ ಪೋಸ್ಟ್‌ಮನ್ನನ್ನು ಕಾಯುತ್ತ ನಿಲ್ಲುವುದು ನೋಡಿ ಮಾಧುರಿ ನಗುತ್ತಾಳೆ.

ಒಂದು ಸಂತೋಷದ ಸುದ್ದಿ. ಕಳೆದ ವಾರದಿಂದ ಆಸ್ಕರ್ ತುಸು ಚೇತರಿಸಿಕೊಂಡಿದೆ. ನಿನ್ನೆ ನಾಲ್ಕೈದು ಅಂಕಿಗಳು ಸ್ಪಷ್ಟವಾಗಿ ಬಂದವು. ಬೇಸಿಗೆಯ ಬಿಸಿಲು ಅದಕ್ಕೂ ಒಗ್ಗಿರಬೇಕು. ನಿಮ್ಮಲ್ಲೂ ಹೆಚ್ಚಾಗಿದೆಯೇ? ಎರಡು ಸಾಲು ಬರೆದು ಹಾಕಿ.

ದೇವಾನಂದ ನಾಯಕ


ಪುಣೆ
೨೪ ಮೇ ೨೦೨೫

ನಾಯಕರಿಗೆ,

ನಿಮ್ಮ ಸಂತೋಷದ ಸುದ್ದಿ ಮುಟ್ಟಿತು. ಅದು ಬಾರದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ನಡೆದದ್ದನ್ನು ಹೇಳುತ್ತೇನೆ.

ನಿಮ್ಮ ಮಾತಿನಂತೆ ಗುಡ್ಡಕ್ಕೇ ಹೋದೆವು. ಏಪ್ರಿಲಿನ ಒಂದು ಭಾನುವಾರ ಬೆಳಿಗ್ಗೆ, ಜೇಜುರಿಯ ದೇವರ ಗುಡ್ಡಕ್ಕೆ. ಗೊಣಗುತ್ತಲಾದರೂ ಆಂಟೆನಾ ಹೊತ್ತು ಮೆಟ್ಟಿಲು ಹತ್ತಿದವರು ಇವರೇ. ಅರ್ಧ ದಾರಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪಿಟ್ಟು ಸ್ಪೀಕರು ಹಚ್ಚಿದೆ. ಆಸ್ಕರ್ ಮೂಡುವ ಹೊತ್ತಾಯಿತು, ಆಂಟೆನಾ ಅತ್ತ ಹಿಡಿದೆ. ಏನೂ ಇಲ್ಲ. ಮೇಲೆ ಗುಡಿಯಲ್ಲಿ ಯೆಳಕೋಟ್ ಎಂದು ಜನ ಜಯಕಾರ ಕೂಗುವುದು ಕೇಳುತ್ತಿತ್ತು, ನನ್ನ ಡಬ್ಬಿಯಿಂದ ಬರೀ ಗೊರಗೊರ. ಹೋಯಿತು, ಸತ್ತೇಹೋಯಿತು ಎಂದುಕೊಂಡೆ. ಅಳು ಬಂತು.

ಅಷ್ಟರಲ್ಲಿ ಇಂಡಿ ತಾಲೂಕಿನ ಕಡೆಯಿಂದ ದೇವರಿಗೆ ಬಂದ ಜನ ಸುತ್ತ ನೆರೆದಿದ್ದರು. ಅವರಲ್ಲೊಬ್ಬ ಗೊರವಯ್ಯ, ಹಣೆ ತುಂಬ ಭಂಡಾರ, ಕೈಯಲ್ಲಿ ದೊಡ್ಡ ಡಮರುಗ. ಅವ್ವಣ್ಣ ಎಂದು ಜೊತೆಯವರು ಕರೆಯುತ್ತಿದ್ದರು. ಕತ್ತು ವಾರೆ ಮಾಡಿ ನನ್ನ ಲ್ಯಾಪ್‌ಟಾಪಿನ ಕಡೆ ನೋಡುತ್ತಿದ್ದವನು ತಮಾಷೆಗೆ ಡಮರುಗದ ಮೇಲೆ ಬೆರಳಾಡಿಸತೊಡಗಿದ. ಡಮರುಗದ ದಪ್ಪ ದನಿ ನನಗೆ ಚೆನ್ನಾಗಿ ಕೇಳಿತು. ನಾಲ್ಕು, ಎರಡು. ನಾಲ್ಕು, ಎರಡು.

ಆಂಟೆನಾ ಹಾಗೇ ಹಿಡಿದು ಅವನತ್ತ ತಿರುಗಿದೆ. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ.

"ಕಲಿಯೂದೇನೈತ್ರಿ ಅಕ್ಕಾರ, ನಿಮ್ಮ ಡಬ್ಬ್ಯಾಗ ಬರಾಕತ್ತೈತಲ್ಲ, ಅದನ್ನ ಬಾರಸಾಕತ್ತೀನಿ" ಎಂದ ಅವನು.

ಸುತ್ತಲಿನವರ ಮುಖ ನೋಡಿದೆ. ಎಲ್ಲರಿಗೂ ಕೇಳಿಸಿತ್ತು. ಒಬ್ಬ ಮುದುಕಿ ಯಾವ ಹಕ್ಕಿಯ ದನಿ ಇದು ಎಂದು ಮಗನನ್ನು ಕೇಳುತ್ತಿದ್ದಳು. ಇವರ ಕಡೆ ತಿರುಗಿದೆ. ಇವರು ಬಿಳಿಚಿಕೊಂಡು ನಿಂತಿದ್ದರು. "ನಿನಗ ಕೇಳಸವಲ್ತೇನ?" ಎಂದರು. ಅಷ್ಟು ಮೆಲ್ಲಗೆ ಇವರು ಮಾತಾಡಿದ್ದನ್ನು ತುಟಿ ನೋಡಿಯೇ ತಿಳಿದುಕೊಂಡೆ. ತೆರೆಗೆ ಅಂಟಿಸಿದ್ದ ಪೇಪರು ಹರಿದೆ. ಆಸ್ಕರಿನ ಗೆರೆ ಕಬ್ಬಿನ ಜಲ್ಲೆಯಷ್ಟು ದಪ್ಪ ನಿಂತಿತ್ತು.

ಆಸ್ಕರಿಗೆ ಏನೂ ಆಗಿಲ್ಲ. ಆದದ್ದು ನನ್ನ ಕಿವಿಗೆ. ಒಳಗಿವಿಯ ಕಾಯಿಲೆಯಂತೆ. ಮೊದಲು ಸಣ್ಣ ಕೀರಲು ಸ್ವರಗಳನ್ನು ತಿನ್ನುತ್ತದೆ, ಆಮೇಲೆ ಮಾತನ್ನು. ಬಲಗಿವಿ ಪೂರಾ ಹೋಗಿದೆ, ಎಡಗಿವಿ ಅರ್ಧ. ಸಂಕ್ರಾಂತಿಯ ಸುಮಾರಿಗೆ ಬಂದಿದ್ದರೆ ಮಾತ್ರೆಗಳಿಂದಲೇ ಬಹಳಷ್ಟು ಉಳಿಸಬಹುದಿತ್ತು ಎಂದರು ಕಿವಿಯ ಡಾಕ್ಟರು. ಈಗ ಇರುವಷ್ಟನ್ನು ಹಿಡಿದಿಡುವ ಪ್ರಯತ್ನ ನಡೆದಿದೆ.

ಸಂಕ್ರಾಂತಿಯ ಸುಮಾರಿಗೆ, ನಾಯಕರೇ, ನಾನು ನಿಮ್ಮನ್ನು ಕೇಳಿದ್ದೆ. ಇಲ್ಲಿ ಚೆನ್ನಾಗಿ ಕೇಳುತ್ತಿದೆ ಎಂದು ಒಂದೇ ಸಾಲು ಬರೆದಿದ್ದರೆ ಕೇಬಲ್ಲು ಬದಲಿಸುತ್ತಿದ್ದೆ, ಆಂಟೆನಾ ಬದಲಿಸುತ್ತಿದ್ದೆ, ಆಮೇಲೆ ಬದಲಿಸಲು ಉಳಿಯುತ್ತಿದ್ದದ್ದು ಕಿವಿಯೊಂದೇ. ಇವರು ದಿನವೂ ದನಿ ಹೆಚ್ಚಾಯಿತು ಎನ್ನುತ್ತಿದ್ದರು. ಅವರನ್ನು ನಂಬದೆ ನಿಮ್ಮನ್ನು ನಂಬಿದೆ, ನಿಮಗೆ ಕೇಳುವುದು ಗೊತ್ತು ಎಂದು. ಸ್ವರ ಇಳಿಸಿದರೆ ಮಾತ್ರ ಕೇಳುತ್ತದೆ ಎಂದು ಬರೆದಾಗಲಾದರೂ ನಿಮಗೆ ಹೊಳೆಯಬೇಕಿತ್ತು. ಉಪಗ್ರಹ ಸೊರಗಿದರೆ ಎಲ್ಲ ಸ್ವರವೂ ಸೊರಗುತ್ತದೆ. ಒಂದು ಸ್ವರ ಕೇಳಿ ಇನ್ನೊಂದು ಕೇಳದಿದ್ದರೆ ಕೆಟ್ಟದ್ದು ಕೇಳುವವರ ಕಿವಿ. ಇದು ಈಗ ನನಗೂ ಗೊತ್ತು.

ನನ್ನಲ್ಲಿ ಹಳೆಯ ರೆಕಾರ್ಡುಗಳಿವೆ. ಜನವರಿಯಿಂದ ಇಲ್ಲಿಯವರೆಗಿನ ಎಲ್ಲದರ ಗೆರೆ ನೋಡಿದೆ. ಆಸ್ಕರ್ ಒಂದು ದಿನವೂ ಸಣ್ಣಗಾಗಿಲ್ಲ. ಮತ್ತೆ ನಿಮಗೆ ಸಣ್ಣಗೆ ಕೇಳಿದ್ದು ಏನು? ಬಿಟ್ಟುಬಿಟ್ಟು ಬಂದದ್ದು ಏನು? ಮೊನ್ನೆ ಚೇತರಿಸಿಕೊಂಡದ್ದು ಏನು?

ಮುಕ್ತಾ


ವಿಶಾಖಪಟ್ಟಣ
೫ ಜೂನ್ ೨೦೨೫

ಸೌ. ಮುಕ್ತಾ ಅವರಿಗೆ,

ನಿಮ್ಮ ಅನಾರೋಗ್ಯದ ವಿಷಯ ಓದಿ ವ್ಯಥೆಯಾಯಿತು. ಆದಷ್ಟು ಬೇಗ ಗುಣವಾಗಲಿ.

ಆದರೆ ವೈದ್ಯರು ನೋಡಬೇಕಾದದ್ದನ್ನು ವಿಶಾಖಪಟ್ಟಣದಲ್ಲಿ ಕೂತವನು ಹೇಗೆ ನೋಡಿಯಾನು? ಒಂದೊಂದು ಊರಿನಲ್ಲಿ ಸಂಕೇತ ಒಂದೊಂದು ರೀತಿ ಬರುತ್ತದೆ. ಹಿರಿಯನ ಮೇಲೆ ಇಷ್ಟು ದೊಡ್ಡ ಆರೋಪ ಹೊರಿಸುವ ಮುನ್ನ ಯೋಚಿಸಬೇಕಿತ್ತು.

ದೇವಾನಂದ ನಾಯಕ


ವಿಶಾಖಪಟ್ಟಣ
೩ ಜುಲೈ ೨೦೨೫

ಮುಕ್ತಾ ಅವರೇ,

ನೀವು ಉತ್ತರ ಬರೆಯಲಿಲ್ಲ. ಬರೆಯಬಾರದು ಕೂಡ, ಅಂಥ ಕಾಗದಕ್ಕೆ. ಅದನ್ನು ಹಾಕಿದ ದಿನದಿಂದ ನನಗೆ ಅನ್ನ ರುಚಿಸಿಲ್ಲ. ಮಾಧುರಿ ಏನಾಯಿತು ಎಂದು ಪೀಡಿಸಿದಳು. ನಿಮ್ಮ ಪತ್ರವನ್ನೇ ಕೈಗೆ ಕೊಟ್ಟೆ. ಓದಿ ಅವಳು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ನನಗೆ ಏನೂ ಕೇಳಿರಲಿಲ್ಲ. ಸಣ್ಣಗೂ ಇಲ್ಲ, ದಪ್ಪಗೂ ಇಲ್ಲ. ಹೋದ ವರ್ಷ ಹಳೇ ಮನೆ ಬಿಟ್ಟು ಮಗಳ ಮನೆಗೆ ಬರುವಾಗ ಬಿಚ್ಚಿದ ಆಂಟೆನಾವನ್ನು ಮತ್ತೆ ಕಟ್ಟಿಯೇ ಇಲ್ಲ. ಮಾಳಿಗೆಯ ಮೇಲೆ ಕಟ್ಟಲು ಇಲ್ಲಿನ ಅಪಾರ್ಟ್‌ಮೆಂಟಿನ ಸಂಘದವರು ಬಿಡಲಿಲ್ಲ. ಇನ್ನೊಂದು ಸಲ ಕೇಳಲು ನನ್ನ ಮಾನ ಬಿಡಲಿಲ್ಲ. ರೇಡಿಯೋ ಮಂಚದ ಕೆಳಗೆ ಪೆಟ್ಟಿಗೆಯಲ್ಲಿತ್ತು, ರಿಪೇರಿಗೆ ಹೋಗಿರಲಿಲ್ಲ. ನೀವು ಆಸ್ಕರ್ ಹೇಗಿದೆ ಎಂದು ಕೇಳಿದಾಗ, ನಾನು ಕೇಳುವುದನ್ನೇ ಬಿಟ್ಟಿದ್ದೇನೆ ಎಂದು ಬರೆದರೆ ನಿಮ್ಮ ಪತ್ರ ನಿಂತುಹೋಗುತ್ತದೆ ಎಂದು ಹೆದರಿದೆ. ನೀವು ಬರೆದದ್ದಕ್ಕೆ ಹೌದು ಎಂದರೆ ಯಾರಿಗೇನು ನಷ್ಟ ಎಂದುಕೊಂಡೆ. ಹೌದು ಎನ್ನುವುದು ಅಷ್ಟು ಸುಲಭವಾಗಿತ್ತು. ಮೇ ತಿಂಗಳಲ್ಲಿ ಬರೆದದ್ದಂತೂ ನಿಮ್ಮಿಂದ ಹೇಗಾದರೂ ಒಂದು ಉತ್ತರ ಹೊರಡಿಸಲು. ನೀವು ಕೇಳಿದ ಮೂರು ಪ್ರಶ್ನೆಗೂ ಉತ್ತರ ಇದೇ.

ಸ್ವರ ಇಳಿಸಿದ ಮಾತು ಓದಿದಾಗ ನನಗೆ ಹೊಳೆಯಲಿಲ್ಲವೇ ಎಂದು ಕೇಳಿದ್ದೀರಿ. ಮನಸ್ಸಿಟ್ಟು ಓದಿದ್ದರೆ ಹೊಳೆಯುತ್ತಿತ್ತು. ನನಗೆ ಪತ್ರ ಬಂದದ್ದೇ ಸಾಕಾಗಿತ್ತು. ಒಳಗಿನ ಮಾತಿಗೆ ಕಿವಿಗೊಡಲೇ ಇಲ್ಲ.

ಕಳೆದ ಭಾನುವಾರ ಪೆಟ್ಟಿಗೆ ಹೊರತೆಗೆದೆ. ನಿಮ್ಮ ಹಾಗೆ ಅಳತೆಟೇಪು ಕತ್ತರಿಸಿ ಆಂಟೆನಾ ಮಾಡಿ, ಮಾಧುರಿಯನ್ನು ಕರೆದುಕೊಂಡು ಬೆಳಿಗ್ಗೆ ಸಮುದ್ರದಂಡೆಗೆ ಹೋದೆ. ವಾಕಿಂಗಿಗೆ ಬಂದವರು ಮೀನು ಹಿಡಿಯುವ ಹೊಸ ಸಾಧನವೇ ಎಂದು ವಿಚಾರಿಸಿದರು. ಆಸ್ಕರ್ ನೆತ್ತಿಯ ಮೇಲೆ ಹಾದುಹೋಗುವ ಸುತ್ತು ಅದು. ಪೂರ್ತಿ ನಿಂತು ಹಿಡಿದೆ. ನನಗೆ ಕೇಳಲಿಲ್ಲ. ಮಾಧುರಿಗೂ ಹೆಡ್‌ಫೋನು ಕೊಟ್ಟೆ, ಅವಳಿಗೂ ಕೇಳಲಿಲ್ಲ. ಉಪಗ್ರಹದ್ದೋ, ನನ್ನ ಆಂಟೆನಾದ್ದೋ, ನನ್ನದೋ, ಗೊತ್ತಿಲ್ಲ. ಕೇಳಲಿಲ್ಲ ಎಂಬುದಷ್ಟೇ ಗೊತ್ತು, ಅದನ್ನೇ ಬರೆದಿದ್ದೇನೆ.

ನಿಮ್ಮ ಕಿವಿಗೆ ನಾನು ಮಾಡಿದ್ದು ಮರಳಿ ಸರಿಯಾಗುವಂಥದ್ದಲ್ಲ. ನನ್ನನ್ನು ಏನೆಂದು ಬೈದರೂ ಕಡಿಮೆಯೇ.

ದೇವಾನಂದ ನಾಯಕ


ಪುಣೆ
೧೯ ಜುಲೈ ೨೦೨೫

ನಾಯಕರಿಗೆ,

ಕ್ಷಮಿಸಿದೆ ಎಂದು ಬರೆಯಲು ನನಗಿನ್ನೂ ಆಗುತ್ತಿಲ್ಲ. ಸಿಟ್ಟು ಇದೆ. ಬೆಳಿಗ್ಗೆ ಎದ್ದಾಗ ಬಲಗಡೆ ಜಗತ್ತೇ ಇಲ್ಲದಂತಿರುತ್ತದೆ, ಆಗ ಬಹಳ ಬರುತ್ತದೆ. ದವಾಖಾನೆಯಲ್ಲಿ ಬಲಭುಜವನ್ನು ಗೋಡೆಗೆ ಒತ್ತಿಕೊಂಡು ಕೂರುತ್ತೇನೆ, ಬಂದವರೆಲ್ಲ ಎಡಗಡೆಯೇ ನಿಲ್ಲುವಂತೆ. ಎಡಗಿವಿಗೆ ಯಂತ್ರ ಬಂದಿದೆ. ಆ ಕಿವಿ ಎಷ್ಟು ದಿನ ಉಳಿಯುತ್ತದೆ ಎಂದು ಡಾಕ್ಟರು ಹೇಳಲಾರರು. ತಿಂಗಳಿಗೊಮ್ಮೆ ಪರೀಕ್ಷೆ. ಪರೀಕ್ಷೆಯ ಹಿಂದಿನ ದಿನ ಮನೆತುಂಬ ತಿರುಗಾಡುತ್ತೇನೆ.

ಇವರು ಒಂದು ಮಾತೂ ಆಡಿ ತೋರಿಸಲಿಲ್ಲ. ನಾನೇ ಆಡಿಸಿದೆ. ಅಷ್ಟು ದಿನ ದನಿ ಹೆಚ್ಚಾಯಿತು ಅಂದ್ರಿ, ಕಿವಿ ತೋರಿಸು ಅಂತ ಯಾಕ ಅನ್ಲಿಲ್ಲ ಎಂದು ಜಗಳ ತೆಗೆದೆ. "ನೀ ಸಿಟ್ಟಿಗೆದ್ದಿ ಅಂತ ತಿಳದಿದ್ದೆ. ನನ್ನ ಮಾತು ನಿನಗ ಬ್ಯಾಡಾಗ್ಯಾವ ಅಂತ" ಎಂದರು. ಒಂದೇ ಮನೆಯಲ್ಲಿದ್ದು ನಾವಿಬ್ಬರೂ ಹೀಗೆ ತಿಳಿದುಕೊಂಡಿದ್ದೆವು.

ಆ ಭಾನುವಾರದ ಸುತ್ತನ್ನು ನನ್ನ ರೆಕಾರ್ಡಿನಲ್ಲಿ ನೋಡಿದೆ. ಗೆರೆ ಇತ್ತು, ಆಸ್ಕರ್ ಮಾತಾಡುತ್ತಿತ್ತು. ನಿಮ್ಮ ಆಂಟೆನಾದಲ್ಲೇ ಏನೋ ತಪ್ಪಿದೆ. ಟೇಪಿಗೆ ತಂತಿ ಬೆಸೆಯುವ ಮೊದಲು ಬಣ್ಣ ಕೆರೆದು ತೆಗೆದಿರಾ? ನೋಡಿ.

ನಿಮ್ಮ ಪತ್ರವನ್ನು ನಾನು ಓದಲಿಲ್ಲ, ಇವರಿಂದ ಓದಿಸಿಕೊಂಡೆ. ಕಣ್ಣಿಗೇನೂ ಆಗಿಲ್ಲ. ಇವರು ಎಡಗಡೆ ಕುರ್ಚಿ ಎಳೆದುಕೊಂಡು ನಿಧಾನವಾಗಿ ಓದಿದರು. ಕೇಳಲಿಲ್ಲ ಎಂದು ನೀವು ಬರೆದ ಕಡೆ ನಿಲ್ಲಿಸಿ ನನ್ನ ಮುಖ ನೋಡಿದರು. ಮುಂದ ಓದ್ರಿ ಎಂದೆ. ಮುಗಿದ ಮೇಲೆ ಮೊದಲಿನಿಂದ ಇನ್ನೊಮ್ಮೆ ಓದಿಸಿದೆ. ಪತ್ರದಲ್ಲಿದ್ದ ವಿಷಯಕ್ಕಾಗಿ ಅಲ್ಲ. ಇವರ ಈ ದನಿ ಕೇಳದೆ ಹೋದರೆ ನನಗೆ ಬದುಕಲು ಕಷ್ಟ, ಸಿಗುವಷ್ಟು ದಿನ ಬೇಕು. ಆದರೆ ಸುಮ್ಮನೆ ಕೂತು ಮಾತಾಡ್ರಿ ಎಂದರೆ ಇವರಿಗೆ ಮಾತು ಹೊರಡುವುದಿಲ್ಲ. ಓದ್ರಿ ಎಂದರೆ ಓದುತ್ತಾರೆ.

ಅದಕ್ಕೆ, ನೀವು ಬರೆಯುತ್ತಿರಿ. ಉದ್ದವಾಗಿ ಬರೆಯಿರಿ.

ಮುಕ್ತಾ